ಬಚ್ಚಲಿನಿಂದ ಕಾಣುವ ಹೊಳೆ

ಹೊಳೆ ಬದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ತೀರ್ಥಹಳ್ಳಿಯ ಅಮ್ಮ ಮೊದಲು ಕೇಳಿದ್ದು, "ಮಳೆಗಾಲದಲ್ಲಿ ಎಂತ ಮಾಡ್ತೀರ ಮಾರಾಯ?" ತುಂಗೆಯ ದಡದಲ್ಲಿ ಎಪ್ಪತ್ತು ಮಳೆಗಾಲ ಕಳೆದವಳು ಅವಳು. ಹೊಳೆ ಹತ್ತಿರವಾದಷ್ಟೂ ಮನೆಯ ಬೆಲೆ ಇಳಿಯಬೇಕು ಎಂಬುದು ಅವಳ ಲೆಕ್ಕ. ಅಮೆರಿಕದ ಟೆನೆಸಿ ರಾಜ್ಯದ ಚಾಟನೂಗದಲ್ಲಿ ಅದು ಏರುತ್ತದೆ ಎಂದರೆ ನಂಬಲೇ ಇಲ್ಲ. ಊರಿನ ಹೆಸರೂ ಅವಳ ನಾಲಿಗೆಗೆ ಒಗ್ಗಲಿಲ್ಲ. ಕೊನೆಗೆ 'ಚಟ್ನಿಯೂರು' ಎಂದು ತಾನೇ ನಾಮಕರಣ ಮಾಡಿ ನೆಂಟರಿಷ್ಟರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಳು.

ಜಾಹೀರಾತಿನಲ್ಲಿ ಮೂರು ಮಾತಿದ್ದವು: ನಡೆದು ಓಡಾಡಬಹುದು, ಸುತ್ತ ಕಲೆಯ ವಾತಾವರಣ, ನದಿಯ ನೋಟ. ಮನೆ ತೋರಿಸಲು ಬಂದ ಹುಡುಗಿ ನಡುಕೋಣೆ, ಅಡುಗೆಮನೆ ಎಲ್ಲ ದಾಟಿಸಿ ನಮ್ಮನ್ನು ಬಚ್ಚಲುಮನೆಗೆ ಕರೆದೊಯ್ದಳು. ಕಿಟಕಿ ತೆರೆದು, "ಸ್ವಲ್ಪ ಎಡಕ್ಕೆ ಬಗ್ಗಿ" ಎಂದಳು. ಬಗ್ಗಿದೆ. ಎರಡು ಕಟ್ಟಡಗಳ ನಡುವೆ ಎರಡು ಬೆರಳಗಲ ಟೆನೆಸಿ ನದಿ ಹೊಳೆಯುತ್ತಿತ್ತು. ಸುಳ್ಳು ಹೇಳಿದರೆಂದು ಯಾರನ್ನೂ ದೂರುವಂತಿರಲಿಲ್ಲ.

ಬೆಂಗಳೂರಿನಲ್ಲಿ ಮನೆ ಹುಡುಕಿದವನು ನಾನು. ಅಲ್ಲಿನ ಓನರುಗಳು ಬಾಗಿಲು ತೆರೆಯುವ ಮೊದಲೇ ಕೇಳುವ "ನೀವು ಏನು ಜನ? ವೆಜ್ಜಾ, ನಾನ್‌ವೆಜ್ಜಾ?"ಗೆ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಹತ್ತು ತಿಂಗಳ ಅಡ್ವಾನ್ಸಿಗೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಈ ಹುಡುಗಿ ಅದೊಂದನ್ನೂ ಎತ್ತಲಿಲ್ಲ. ಕ್ರೆಡಿಟ್ ಸ್ಕೋರ್ ಎಷ್ಟು ಎಂದಳು. ದೇಶಕ್ಕೆ ಹೊಸಬ, ಇನ್ನೂ ಸಾಲವನ್ನೇ ಮಾಡಿಲ್ಲ ಎಂದೆ. ಅವಳ ಮುಖ ಬಾಡಿತು. ಜೀವಮಾನದಲ್ಲಿ ಒಂದು ಪೈಸೆ ಸಾಲ ಮಾಡಲಿಲ್ಲವೆಂದು ಕೊನೆಯವರೆಗೂ ಬೀಗುತ್ತಿದ್ದ ನಮ್ಮಪ್ಪನಿಗೆ ಈ ಊರಲ್ಲಿ ಒಂದು ಗೂಡೂ ಸಿಗುತ್ತಿರಲಿಲ್ಲ. ಕಂಪನಿಯ ಪತ್ರ, ಸಂಬಳದ ಚೀಟಿ, ಇನ್ನೊಂದು ತಿಂಗಳ ಠೇವಣಿ ಎಲ್ಲ ಕೊಟ್ಟ ಮೇಲೆ ಅವಳ ಮುಖ ಮತ್ತೆ ಅರಳಿತು.

"ನಾಯಿ ಇದೆಯೇ?" ಎಂದು ಕೇಳಿದಳು. ಇದ್ದರೆ ಅದಕ್ಕೆ ತಿಂಗಳಿಗೆ ಬೇರೆ ಬಾಡಿಗೆಯಂತೆ. ಅಷ್ಟೇ ಅಲ್ಲ, ತಳಿ ಯಾವುದೆಂದೂ ಬರೆದುಕೊಡಬೇಕು. ಕೆಲವು ತಳಿಗಳಿಗೆ ಪ್ರವೇಶವಿಲ್ಲ. ನನ್ನ ಹೆಂಡತಿ ಕನ್ನಡದಲ್ಲಿ, "ನೋಡಿದ್ರಾ, ಇಲ್ಲಿ ನಾಯಿಗೆ ಕೇಳ್ತಾರೆ, ಏನು ಜನ ಅಂತ" ಎಂದಳು. ನಾನು ನಕ್ಕದ್ದೇಕೆಂದು ಆ ಹುಡುಗಿಗೆ ವಿವರಿಸಲು ಹೋಗಲಿಲ್ಲ.

ನಡೆಯುವ ಸುಖದ ವಿಷಯದಲ್ಲಿ ಮಾತ್ರ ಜಾಹೀರಾತು ಕಡಿಮೆಯೇ ಹೇಳಿತ್ತು. ನಮ್ಮದು ನದಿಯ ಉತ್ತರ ದಡ. ಐದು ನಿಮಿಷಕ್ಕೆ ವಾಲ್ನಟ್ ಸ್ಟ್ರೀಟ್ ಸೇತುವೆ. 1890ರ ದಶಕದಿಂದ ವಾಹನಗಳನ್ನು ಹೊತ್ತು ಸುಸ್ತಾಗಿ 1978ರಲ್ಲಿ ಮುಚ್ಚಿಹೋದದ್ದು. ಕೆಡವಬೇಕೆಂಬ ಮಾತಿತ್ತು, ಊರವರು ಪಟ್ಟುಹಿಡಿದು ಉಳಿಸಿಕೊಂಡರು. 1993ರಿಂದ ಅದು ಕಾಲ್ನಡಿಗೆಯವರದು. 2,376 ಅಡಿ ಉದ್ದಕ್ಕೂ ಮರದ ಹಲಗೆ ಹಾಸಿತ್ತು, ಮೇಲೆ ನೀಲಿ ಕಬ್ಬಿಣದ ಕಮಾನು, ಒಂದೇ ಒಂದು ಹಾರನ್ನಿರಲಿಲ್ಲ. ಮೊದಲ ದಿನ ನಾನು ಅಭ್ಯಾಸಬಲದಿಂದ ಹಿಂದೆ ತಿರುಗಿ ತಿರುಗಿ ನೋಡುತ್ತ ನಡೆದೆ. ಇದೇ ಊರಿನ ಗಾಳಿ ಇಡೀ ದೇಶದಲ್ಲೇ ಅತ್ಯಂತ ಕೊಳಕು ಎಂದು 1969ರಲ್ಲಿ ಸರ್ಕಾರವೇ ಸಾರಿತ್ತು ಎಂದರೆ ಆ ಸೇತುವೆಯ ಮೇಲೆ ನಿಂತವರಿಗೆ ನಂಬುವುದು ಕಷ್ಟ.

ಸೇತುವೆಯ ಈಚೆ ತುದಿಯ ಫ್ರೇಜಿಯರ್ ಅವೆನ್ಯೂದ ಫುಟ್‌ಪಾತಿನಲ್ಲಿ ನೃತ್ಯದ ಹೆಜ್ಜೆಗಳನ್ನೇ ಲೋಹದಲ್ಲಿ ಕೂರಿಸಿದ್ದಾರೆ. ಎಡಗಾಲು ಇಲ್ಲಿ, ಬಲಗಾಲು ಅಲ್ಲಿ. ಕೈಯಲ್ಲಿ ಹಾಲಿನ ಡಬ್ಬಿ ಹಿಡಿದುಕೊಂಡೇ ನಾವಿಬ್ಬರೂ ಒಂದು ಸಂಜೆ ಅದನ್ನು ಪ್ರಯತ್ನಿಸಿದೆವು. ಫುಟ್‌ಪಾತಿನ ಮೇಲೆ ಹಾಗೆ ಹೆಜ್ಜೆ ಹಾಕುವುದು ಬೆಂಗಳೂರಿನವರಿಗೆ ಹೊಸದಲ್ಲ. ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರ್ ತಪ್ಪಿಸುತ್ತ ನಾವು ಇದಕ್ಕಿಂತ ಕಠಿಣ ನೃತ್ಯವನ್ನೇ ಕಲಿತವರು.

ಸೇತುವೆಯ ಆಚೆ, ಬಂಡೆಯ ನೆತ್ತಿಯ ಮೇಲೆ ಬ್ಲಫ್ ವ್ಯೂ: ಶಿಲ್ಪಗಳ ತೋಟ, ಗ್ಯಾಲರಿ, ಕಾಫಿ ಅಂಗಡಿ, ಹಂಟರ್ ಕಲಾ ಸಂಗ್ರಹಾಲಯ. ಸಂಗ್ರಹಾಲಯದ ಹಳೆಯ ಬಂಗಲೆ ಕೋಕಾಕೋಲಾ ಬಾಟಲಿ ತುಂಬಿ ಸಿರಿವಂತರಾದ ಮನೆತನದ ಹಂಟರ್ ಎಂಬವರದು. ಆ ಪೇಯವನ್ನು ಬಾಟಲಿಗೆ ತುಂಬಿ ಮಾರುವ ಹಕ್ಕನ್ನು 1899ರಲ್ಲಿ ಈ ಊರಿನ ಇಬ್ಬರು ವಕೀಲರು ಪಡೆದದ್ದು ಒಂದೇ ಒಂದು ಡಾಲರಿಗೆ. ಬಾಡಿಗೆಗೆ ಅರ್ಜಿ ಹಾಕಲಿಕ್ಕೇ ಐವತ್ತು ಡಾಲರ್ ಕೊಟ್ಟ ನನಗೆ ಈ ಕಥೆ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಇಷ್ಟಾಗಿಯೂ ಕಲೆಗೆ ನಡೆದು ಹೋಗಬಹುದಿತ್ತೇ ಹೊರತು ಕರಿಬೇವಿಗೆ ಕಾರೇ ಬೇಕಿತ್ತು.

ಅಮ್ಮನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿದಿತ್ತು. ವಿಚಾರಿಸಿದರೆ ಅವಳೇ ಸರಿ. 1867ರ ಮಾರ್ಚಿನಲ್ಲಿ ಈ ನದಿ ಸುಮಾರು 58 ಅಡಿ ಏರಿ ಊರೊಳಗೆಲ್ಲ ದೋಣಿ ಓಡಾಡುವಂತೆ ಮಾಡಿತ್ತಂತೆ. ಮೇಲ್ಗಡೆ ಚಿಕಮಾಗಾ ಅಣೆಕಟ್ಟು ಮುಗಿದದ್ದು 1940ರಲ್ಲಿ. ಅಲ್ಲಿಯತನಕ ಈ ಊರಿನ ಅಮ್ಮಂದಿರೂ ಅದನ್ನೇ ಕೇಳುತ್ತಿದ್ದಿರಬೇಕು.

ಒಂದು ದಿನ ವಿಡಿಯೋ ಕಾಲ್ ಮಾಡಿ ಬಚ್ಚಲಿನ ಕಿಟಕಿಯಿಂದ ಹೊಳೆ ತೋರಿಸಿದೆ. ಅವಳು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, "ಅಲ್ಲವೋ, ಬಚ್ಚಲಲ್ಲಿ ನಿಂತು ಹೊಳೆ ನೋಡೂದೆಂತದು? ಇಳಿಯೂಕೆ ಮೆಟ್ಟಿಲಿಲ್ವ?" ಎಂದಳು.

ಮೆಟ್ಟಿಲಿತ್ತು. ಆ ಭಾನುವಾರ ಫೋನು ಹಿಡಿದುಕೊಂಡು ಸೇತುವೆ ದಾಟಿ ಅಲ್ಲಿಗೇ ಹೋದೆ. ಎತ್ತರದಿಂದ ನದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತದೆ. ಪಕ್ಕದ ಗೋಡೆಯಲ್ಲಿ ಈ ನೆಲದ ಮೂಲನಿವಾಸಿಗಳಾದ ಚೆರೋಕೀ ಜನಾಂಗದ ಕಲಾವಿದರು ಮಾಡಿದ ಏಳು ದೊಡ್ಡ ಮಣ್ಣಿನ ಬಿಲ್ಲೆಗಳು. ಚೆರೋಕೀ ನಾಯಕ ಜಾನ್ ರಾಸ್ ಇಲ್ಲಿ ಕಡವು, ಅಂಗಡಿ ಇಟ್ಟುಕೊಂಡಿದ್ದ. ಊರಿಗೂ ಅವನದೇ ಹೆಸರಿತ್ತು. 1838ರಲ್ಲಿ ಅವನ ಜನರನ್ನು ಮನೆಗಳಿಂದ ಎಬ್ಬಿಸಿ ಈ ದಡದಿಂದಲೂ ಪಶ್ಚಿಮಕ್ಕೆ ಅಟ್ಟಿದರು. ಹಲವರು ಹೋದದ್ದು ದೋಣಿಯಲ್ಲಿ, ಉಳಿದವರು ನಡೆದೇ. ಅದೇ ವರ್ಷ ಊರಿನ ಹೆಸರನ್ನೂ ಬದಲಾಯಿಸಿದರು.

ಮೆಟ್ಟಿಲ ನೀರಲ್ಲಿ ಮಕ್ಕಳು ಬಟ್ಟೆಸಮೇತ ಕೂತು ಕೇಕೆ ಹಾಕುತ್ತಿದ್ದವು. ಫೋನಿನೊಳಗಿಂದ ಅಮ್ಮ, "ಹಾಂ, ಇದು ಹೊಳೆ. ಆ ಮಕ್ಕಳಿಗೆ ಥಂಡಿಯಾಗ್ತದೆ, ಯಾರದ್ದು ನೋಡು" ಎಂದಳು.