ಒಂದೇ ದಿನದಲ್ಲಿ ಅರಸರ ನಾಡು ತೋರಿಸುವವರಿಗೆ ಒಂದು ಬಿನ್ನಹ

ಇವರಿಗೆ,
‘ಅರಸರ ನಾಡು: ಒಂದೇ ದಿನದಲ್ಲಿ’ ಪ್ರವಾಸದ ಯೋಜಕ ಮಹಾಶಯರು.

ವಿಷಯ: ಮೂಡುಬಿದಿರೆಯ ಚೌಟರ ಅರಮನೆ ತೋರಿಸದೇ ಇದ್ದ ಬಗ್ಗೆ.

ಮಾನ್ಯರೇ,

ಪಾಣೆಮಂಗಳೂರಿನ ನಿವಾಸಿಯಾದ ಈ ಅರ್ಜಿದಾರ ಈಗಷ್ಟೇ ತಮ್ಮ ವಾಹನದಿಂದ ಬಿ.ಸಿ. ರೋಡಿನಲ್ಲಿ ಇಳಿದು, ಆ ಹೊತ್ತಿನಲ್ಲಿ ಕೇಳಿದಷ್ಟು ಕೊಟ್ಟು ರಿಕ್ಷಾ ಹಿಡಿದು, ಮನೆ ಮುಟ್ಟಿ, ಕೈಕಾಲು ತೊಳೆಯದೆ ಬಿನ್ನಹ ಬರೆಯಲು ಕೂತಿದ್ದಾನೆ. ಬೆಳಗಾದರೆ ಅವನ ಸಿಟ್ಟು ಇಳಿದುಬಿಡುತ್ತದೆ. ಆಮೇಲೆ “ಹೋಗ್ಲಿ ಮಾರಾಯ” ಎಂದು ಸುಮ್ಮನಾಗುವ ಅಪಾಯ ಉಂಟು. ಆದ್ದರಿಂದ ಈ ಅವಸರ. ಅವಸರ ತಮಗೆ ಹೊಸತಲ್ಲವಾದ್ದರಿಂದ ಮನ್ನಿಸಬೇಕು.

ತಮ್ಮ ಕರಪತ್ರವನ್ನು ಅರ್ಜಿದಾರ ಮೊದಲು ಹೊಗಳಬಯಸುತ್ತಾನೆ. ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು, ಬಂಗಾಡಿಯ ಬಂಗರು, ಕಾರ್ಕಳದ ಭೈರರಸರು, ಎಲ್ಲರೂ ಒಂದೇ ಹಾಳೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಎಂಟರೊಳಗೆ ಆಳಿ ಮುಗಿಸುತ್ತಾರೆ. ಶತಮಾನಗಟ್ಟಲೆ ಒಬ್ಬರಿಗೊಬ್ಬರು ಗೇಣು ನೆಲ ಬಿಟ್ಟುಕೊಡದ ಮನೆತನಗಳನ್ನು ಒಂದು ಟೆಂಪೋ ಟ್ರಾವೆಲರಿನಲ್ಲಿ ಕೂರಿಸಿದ ಕೀರ್ತಿ ತಮ್ಮದು. ವಿಜಯನಗರದವರಿಗೂ ಇದು ಸುಲಭದಲ್ಲಿ ಆದ ಕೆಲಸವಲ್ಲ.

ಅರ್ಜಿದಾರ ತನಗಾಗಿ ಹೊರಟವನಲ್ಲ. ಧಾರವಾಡದಿಂದ ಅವನ ದೊಡ್ಡಮ್ಮ ಬಂದಿದ್ದಾರೆ. ಚಿತ್ರಕಲೆಯ ಮೇಡಂ ಆಗಿ ನಿವೃತ್ತರಾದವರು, ಮಂಡಿನೋವಿನವರು. ಅವರಿಗೆ ನೋಡಬೇಕಾಗಿದ್ದದ್ದು ದೇಶ ಸುತ್ತುವಷ್ಟಲ್ಲ, ಎರಡು ಕೆತ್ತನೆ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಬಾಗಿ, ಬಳುಕಿ, ಒಬ್ಬರ ಮೇಲೊಬ್ಬರು ಒರಗಿ ಆನೆಯಾಗಿದ್ದಾರೆ, ಅದು ನವನಾರೀಕುಂಜರ. ಐವರು ಸೇರಿ ಕುದುರೆಯಾಗಿದ್ದಾರೆ, ಅದು ಪಂಚನಾರೀತುರಗ. ಇದನ್ನು ದೊಡ್ಡಮ್ಮ ಮಕ್ಕಳಿಗೆ ಕಪ್ಪು ಹಲಗೆಯಲ್ಲಿ ಎಷ್ಟೋ ವರ್ಷ ಬರೆದು ತೋರಿಸಿದ್ದಾರೆ. ಮರದಲ್ಲಿ ಸೊಂಡಿಲಿಗೆ ಕೆತ್ತಿದವನು ಯಾರ ಮೈ ಒದಗಿಸಿದ್ದಾನೆ, ಕುದುರೆಯ ಕಾಲು ಯಾರ ಕಾಲು ಎಂದು ಹತ್ತಿರ ನಿಂತು ನೋಡಬೇಕೆಂದು ಅವರ ಆಸೆ. ಕರಪತ್ರದಲ್ಲಿ ಮೂಡುಬಿದಿರೆಯ ಎದುರು ಹೀಗಿತ್ತು: “ಸಾವಿರ ಕಂಬದ ಬಸದಿ, ಸಮಯವಿದ್ದರೆ ಅರಮನೆ.”

ಆ ‘ಸಮಯವಿದ್ದರೆ’ ಅಕ್ಷರ ತುಂಬ ಸಣ್ಣದು. ದೊಡ್ಡಮ್ಮ ಕನ್ನಡಕ ಹಾಕಿರಲಿಲ್ಲ.

ಧರ್ಮಸ್ಥಳದ ಬಗ್ಗೆ ದೂರಿಲ್ಲ, ಅಲ್ಲಿ ಊಟ ಆಯಿತು. ವೇಣೂರಿನಲ್ಲಿ ವಾಹನದ ಎಂಜಿನ್ ಆರಿಸಲೇ ಇಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿ ಅಲ್ಲಿದ್ದಾನೆ. ತಮ್ಮೂರಿನ ಮೂರ್ತಿಯ ಹೆಸರಿಗೆ ಕುಂದು ಬಂದೀತೆಂದು ಕಾರ್ಕಳದ ಅರಸರು ಅಡ್ಡಿ ಬಂದಾಗ ಅಜಿಲರು ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಲ್ಲಿ ಹೂತು ಕಾಪಾಡಿದರು ಎಂಬ ಕಥೆ ಈ ಕಡೆ ಎಲ್ಲರ ಬಾಯಲ್ಲಿ ಉಂಟು. ಇಂಥ ಕಥೆಯಲ್ಲಿ ಜಗಳ ಉಂಟು, ಹೊಟ್ಟೆಕಿಚ್ಚು ಉಂಟು, ಕಳ್ಳತನದ ರೋಮಾಂಚನ ಉಂಟು. ತಮ್ಮ ಮೇಲ್ವಿಚಾರಕರು ಮೈಕ್ ಹಿಡಿದು ಹೇಳಿದ್ದು ಇಷ್ಟು: “ಫೋಟೋ ಹತ್ತು ನಿಮಿಷ, ಟಾಯ್ಲೆಟ್ ಎಡಗಡೆ.” ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ನಡೆಯುವ ಜಾಗ, ಕಳೆದದ್ದು 2024ರಲ್ಲಿ. ಹನ್ನೆರಡು ವರ್ಷ ಕಾಯುವವರ ಎದುರು ಹತ್ತು ನಿಮಿಷ. ಇರಲಿ.

ಅಲ್ಲಿಂದ ಹೊರಟದ್ದು ಮೂಡುಬಿದಿರೆಗಲ್ಲ, ಗೇರುಬೀಜದ ಅಂಗಡಿಗೆ.

ಅರ್ಜಿದಾರ ಗೇರುಬೀಜದ ವಿರೋಧಿಯಲ್ಲ. ಆದರೆ ಆ ಅಂಗಡಿಯ ಹೆಸರು ಕರಪತ್ರದಲ್ಲಿ ಎಲ್ಲೂ ಇರಲಿಲ್ಲ, ಸಣ್ಣ ಅಕ್ಷರದಲ್ಲಿಯೂ. ಅಲ್ಲಿ ಎಂಜಿನ್ ಆರಿತು. ಎ.ಸಿ. ಇತ್ತು. ಕುರ್ಚಿ ಇತ್ತು. ಉಪ್ಪಿನದ್ದು, ಖಾರದ್ದು, ಕರಿಮೆಣಸಿನದ್ದು, ಬೆಲ್ಲದ್ದು, ಇಡಿಯದ್ದು, ಹೋಳಿನದ್ದು, ತಟ್ಟೆ ತಟ್ಟೆ ರುಚಿ ನೋಡಲು ಇತ್ತು. ಇಡೀ ದಿನದಲ್ಲಿ ‘ಸಮಯವಿದ್ದರೆ’ ಎಂಬ ಷರತ್ತಿಲ್ಲದೆ ಸಮಯ ಸಿಕ್ಕಿದ್ದು ಅದೊಂದೇ ಕಡೆ. ಒಂದೂವರೆ ಗಂಟೆಗೂ ಹೆಚ್ಚು. ಗೇರುಮರವನ್ನು ಈ ಕರಾವಳಿಗೆ ತಂದವರು ಪೋರ್ಚುಗೀಸರು. ಚೌಟರ ಮನೆತನದ ರಾಣಿ ಅಬ್ಬಕ್ಕ ಉಳ್ಳಾಲದಲ್ಲಿ ಅದೇ ಪೋರ್ಚುಗೀಸರ ಜೊತೆ ಬಡಿದಾಡಿದವಳು. ನಾಲ್ಕು ಶತಮಾನಗಳ ಮೇಲೆ, ಚೌಟರ ಅರಮನೆಗೆ ಹೊರಟ ಗಾಡಿಯನ್ನು ಪೋರ್ಚುಗೀಸರು ಗೇರುಬೀಜದ ರೂಪದಲ್ಲಿ ದಾರಿಯಲ್ಲೇ ತಡೆದರು. ಈ ಸಲ ಗೆದ್ದರು.

ಮೂಡುಬಿದಿರೆಗೆ ಮುಟ್ಟುವಾಗ ಬಸದಿಯವರು ಬಾಗಿಲು ಹಾಕುವ ತಯಾರಿಯಲ್ಲಿದ್ದರು. ನಮ್ಮ ಬಳಗ ಓಡಿತು. ಓಡಿದವರೆಲ್ಲ ಮಾಡಿದ್ದು ಒಂದೇ ಕೆಲಸ, ಕಂಬ ಎಣಿಸಿದ್ದು. “ಸಾವಿರ ಇಲ್ಲ ಮಾರಾಯ್ರೆ, ಮೋಸ” ಎಂದು ಒಬ್ಬರು ಘೋಷಿಸಿದರು. ಕಂಬಗಳ ಲೆಕ್ಕ ಕೇಳುವ ಉತ್ಸಾಹವನ್ನು ಗೇರುಬೀಜದ ತೂಕದಲ್ಲಿ ಅವರು ತೋರಿಸಿರಲಿಲ್ಲ. ಅವರನ್ನು ದೂರಿ ಫಲವಿಲ್ಲ. ಬೇರೇನು ನೋಡಬೇಕೆಂದು ಹೇಳಲು ಅಲ್ಲಿ ತಮ್ಮವರು ಯಾರೂ ಇರಲಿಲ್ಲ, ಮೇಲ್ವಿಚಾರಕರು ಗಾಡಿಯಲ್ಲಿ ಕೂತು ಕಮಿಷನ್ನಿನ ಲೆಕ್ಕ ಬರೆಯುತ್ತಿದ್ದರು.

ಹೇಳುವವರಿದ್ದರೆ ಹೇಳಲಿಕ್ಕೆ ಎಷ್ಟಿತ್ತು! ಬಸದಿ 1430ರ ಸುಮಾರಿಗೆ, ಇಮ್ಮಡಿ ದೇವರಾಯನ ಕಾಲದಲ್ಲಿ ಎದ್ದದ್ದು. ಅಷ್ಟಕ್ಕೇ ಕೈತೊಳೆದುಕೊಂಡವರಿಲ್ಲ, ಭೈರಾದೇವಿ ಮಂಟಪ ಬಂದದ್ದು ಇನ್ನೂ ಇಪ್ಪತ್ತು ವರ್ಷಗಳ ಮೇಲೆ. ಆ ಮಂಟಪದ ಜಗಲಿಯ ಬುಡದಲ್ಲಿ ಬಗ್ಗಿ ನೋಡಿದರೆ ಒಂದು ಜಿರಾಫೆ ಉಂಟು, ಚೀನೀ ಡ್ರ್ಯಾಗನ್ ಉಂಟು. ಮೂಡುಬಿದಿರೆಯ ಬಸದಿಯಲ್ಲಿ ಆಫ್ರಿಕದ ಪ್ರಾಣಿ! ಕರಾವಳಿಯ ಬಂದರುಗಳಿಗೆ ಯಾವ ಯಾವ ದೇಶದ ಹಡಗು, ಯಾವ ಯಾವ ಸುದ್ದಿ ಬರುತ್ತಿತ್ತು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. ಅದನ್ನು ಕೆತ್ತಿದವನಿಗೆ ಯಾರಾದರೂ “ಸಮಯವಿದ್ದರೆ ಜಿರಾಫೆ” ಎಂದಿದ್ದರೆ ಅವನು ಉಳಿಯನ್ನು ಯಾವ ಕಡೆ ಬೀಸುತ್ತಿದ್ದನೋ.

ಬಸದಿಯ ಮಾಡು ನೋಡಿ. ಈ ಊರಿನ ಮಳೆಗೆ ಹೆದರಿ, ಮರದ ಮನೆಯ ಹಾಗೆ ಇಳಿಜಾರು ಬಿಟ್ಟು, ಅಂತಸ್ತಿನ ಮೇಲೆ ಅಂತಸ್ತು ಏರಿಸಿದ್ದಾರೆ. 19ನೇ ಶತಮಾನದಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗ್ಯುಸನ್‌ಗೆ ಇದನ್ನು ಕಂಡು ನೇಪಾಳ ನೆನಪಾಯಿತು. ಊರ ಹೊರಗಿನ ಕೊಡಂಗಲ್ಲಿನಲ್ಲಿ ಜೈನ ಮುನಿಗಳ ಅಂತಸ್ತಂತಸ್ತಿನ ಸಮಾಧಿಗಳುಂಟು. ತಮ್ಮ ಕರಪತ್ರದಲ್ಲಿ ಅದಕ್ಕೆ ಸಣ್ಣ ಅಕ್ಷರವೂ ಇಲ್ಲ. ಗುರು ಬಸದಿಯ ಧವಲಾ, ಜಯಧವಲಾ ಎಂಬ ಜೈನ ಟೀಕಾಗ್ರಂಥಗಳ ತಾಳೆಗರಿಗಳ ಕಥೆಯಂತೂ ತಮ್ಮಂಥವರಿಗೆ ಓದಿ ಹೇಳಬೇಕು: 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಶತಮಾನಗಳ ಕಾಲ ಈ ಊರಿನಲ್ಲಿ ಭದ್ರವಾಗಿತ್ತು, ನಕಲು ತೆಗೆಯುವುದಕ್ಕೇ ವರ್ಷಗಟ್ಟಲೆ ಹಿಡಿಯಿತು, ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಹೋಗಲಿ, ಇದನ್ನೆಲ್ಲ ಅರ್ಜಿದಾರ ಬಿಟ್ಟುಕೊಡಲು ತಯಾರಿದ್ದಾನೆ. ಜಿರಾಫೆಯನ್ನೂ ಬಿಟ್ಟುಕೊಡುತ್ತಾನೆ. ಅರಮನೆಯನ್ನು ಮಾತ್ರ ಬಿಡುವುದಿಲ್ಲ.

ಯಾಕೆಂದರೆ ಬಸದಿಯಿಂದ ಹೊರಗೆ ಬಂದು ದೊಡ್ಡಮ್ಮ “ಇನ್ನು ಅರಮನೆ” ಎಂದಾಗ ತಮ್ಮ ಮೇಲ್ವಿಚಾರಕರು ಗಡಿಯಾರ ತೋರಿಸಿದರು. “ಅಮ್ಮಾ, ಟೈಮಿಲ್ಲ. ಅದು ಹಳೇ ಮರದ ಮನೆ ಅಷ್ಟೇ, ನೋಡಲಿಕ್ಕೆ ಎಂತ ಉಂಟು?” ಅವರ ಇನ್ನೊಂದು ಕೈಯಲ್ಲಿ ಅಂಗಡಿಯವರು ಪುಕ್ಕಟೆ ಕೊಟ್ಟ ಗೇರುಬೀಜದ ಪೊಟ್ಟಣ ಇತ್ತು. ದೊಡ್ಡಮ್ಮ ಏನೂ ಹೇಳಲಿಲ್ಲ, ಗಾಡಿ ಹತ್ತಿ ಕಿಟಕಿಯ ಗಾಜು ಏರಿಸಿದರು. ಇಲ್ಲಿ ಅರ್ಜಿದಾರನಿಗೆ ವಿಡಂಬನೆ ಸಾಕಾಗಿದೆ, ನೇರವಾಗಿ ಹೇಳುತ್ತಾನೆ: ಇದು ದಗಲ್ಬಾಜಿ. ಆ ಒಂದೂವರೆ ಗಂಟೆ ನಿಮ್ಮದಲ್ಲ. ಪ್ರಯಾಣಿಕರು ಹಣ ಕೊಟ್ಟು ಕೊಂಡ ಹೊತ್ತನ್ನು ನೀವು ಅಂಗಡಿಯವರಿಗೆ ಮಾರಿದ್ದೀರಿ, ಎರಡೂ ಕಡೆಯಿಂದ ದುಡ್ಡು ಎಣಿಸಿದ್ದೀರಿ.

ಅಷ್ಟೇ ಅಲ್ಲ, ಆ ಮನೆಯಲ್ಲಿ ಚೌಟರ ವಂಶದವರು ಇವತ್ತಿಗೂ ಸಂಸಾರ ಮಾಡಿಕೊಂಡಿದ್ದಾರೆ. ಮೊದಲೇ ತಿಳಿಸಿ, ಒಪ್ಪಿಗೆ ಕೇಳಿ ಹೋಗುವುದು ಮರ್ಯಾದೆ. ತಾವು ಕರಪತ್ರದಲ್ಲಿ ಅವರ ಮನೆಯನ್ನು ಅಚ್ಚು ಹಾಕಿಸುವ ಮುಂಚೆ ಒಂದು ಮಾತು ಕೇಳಿದ್ದೀರಾ? ಅರ್ಜಿದಾರನಿಗೆ ಅನುಮಾನ ಉಂಟು. ಸಮಯವಿದ್ದಿರಲಾರದು.

1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕ ಈ ಸೀಮೆಗೆ ಬಂದಿದ್ದ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರ ಬರೆದು ತಿಳಿಸುತ್ತಿದ್ದ. ಉಳ್ಳಾಲದ ಚೌಟ ರಾಣಿಯನ್ನು ನೋಡಬೇಕೆಂದು ಮಂಗಳೂರಿನಿಂದ ಒಳನಾಡಿನ ಮಣೇಲಿಗೆ ಹುಡುಕಿಕೊಂಡು ಹೋದ. ರಾಣಿ ಸಿಕ್ಕಿದ್ದು ಸಿಂಹಾಸನದಲ್ಲಲ್ಲ, ಬೀದಿಯಲ್ಲಿ. ಬರಿಗಾಲಲ್ಲಿ, ಮೇಲೆ ಓಲೆಯ ಕೊಡೆ. ತಾನು ತೋಡಿಸುತ್ತಿದ್ದ ಕಾಲುವೆ ನೋಡಲು ಹೊರಟಿದ್ದಳು. ಇಬ್ಬರೂ ಅಲ್ಲೇ ನಿಂತು ಮಾತಾಡಿದರು. ಅವಳೇ ಅವನನ್ನು ಊರು, ದೇಶ, ದಾರಿ ಎಂದು ವಿಚಾರಿಸಿದಳು. ನೋಡಲಿಕ್ಕೆ ಅಡಿಗೆಯವಳ ಹಾಗೆ, ಮಾತಿಗೆ ನಿಂತರೆ ಅರಸಿಯ ಗತ್ತು ಎಂಬರ್ಥದಲ್ಲಿ ಅವನು ಬರೆದ. ಅವನಿಗೆ ತಮ್ಮ ಕಂಪನಿಯ ಪರಿಚಯ ಇರಲಿಲ್ಲ. ಇದ್ದಿದ್ದರೆ ರಾಣಿ ಬೀದಿಗೆ ಬರುವ ಹೊತ್ತಿಗೆ ಅವನು ಅಂಗಡಿಯಲ್ಲಿ ಕರಿಮೆಣಸಿನದ್ದನ್ನು ರುಚಿ ನೋಡುತ್ತಿದ್ದ.

ಕೊನೆಯದಾಗಿ ಪಾಣೆಮಂಗಳೂರಿನ ವಿಚಾರ. ಕರಪತ್ರದಲ್ಲಿ ಅರ್ಜಿದಾರನ ಊರು ‘ಟೀ ಬ್ರೇಕ್’ ಎಂದು ಬಂದಿದೆ. ಟೀಗಾದರೆ ಪಕ್ಕದ ಕಲ್ಲಡ್ಕಕ್ಕೆ ಹೋಗಬೇಕು, ಅಲ್ಲಿನ ಕೆ.ಟಿ.ಗೆ ಹೆಸರುಂಟು, ಅದೂ ತಮಗೆ ತಿಳಿದಿಲ್ಲ. ಪಾಣೆಮಂಗಳೂರಿನ ಬಗಲಲ್ಲೇ ನೇತ್ರಾವತಿಯ ದಂಡೆಯಲ್ಲಿ ನಂದಾವರ ಉಂಟು, ಬಂಗರಸರ ಬೀಡಾಗಿದ್ದ ಜಾಗ. 1837ರಲ್ಲಿ ಸುಳ್ಯದ ಕಡೆಯಿಂದ ರೈತರ ದಂಡು ಇಳಿದು ಬಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕುಂಪಣಿಯ ಬಾವುಟ ಇಳಿಸಿತಲ್ಲ, ಆ ದಂಡು ಹಾದದ್ದು ಇದೇ ದಾರಿಯಲ್ಲಿ. ಅವರ ಜೊತೆ ನಿಂತ ಲಕ್ಷ್ಮಪ್ಪ ಬಂಗರಸರನ್ನು ಕುಂಪಣಿಯವರು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಅದರ ವಸ್ತುಸಂಗ್ರಹಾಲಯ ಉಂಟು. ತುಳುನಾಡಿನ ಬದುಕು ಅಲ್ಲಿ ಕೈಗೆಟಕುವಷ್ಟು ಹತ್ತಿರ. ‘ಅರಸರ ನಾಡು’ ಎಂದು ಹೆಸರಿಟ್ಟುಕೊಂಡ ಗಾಡಿ ಇದೆಲ್ಲದರ ಪಕ್ಕದಲ್ಲಿ ಹಾರನ್ ಹೊಡೆದುಕೊಂಡು ಹೋಯಿತು. ಬೆಳಿಗ್ಗೆ ಆರೂವರೆಗೆ ಬರುತ್ತೇವೆಂದು ಎಂಟೂಕಾಲಿಗೆ ಬಂದದ್ದನ್ನು ಬೇರೆಯೇ ಬರೆಯಬೇಕಿತ್ತು, ಕಾಗದ ಸಾಲದು.

ಮೂಡುಬಿದಿರೆ ಬಿಟ್ಟ ಮೇಲೆ ಕಾರ್ಕಳದಲ್ಲಿ 1432ರ ಬಾಹುಬಲಿಯನ್ನು ಕತ್ತಲೆಯಲ್ಲಿ, ಗುಡ್ಡದ ಕೆಳಗೆ ನಿಲ್ಲಿಸಿ “ಅಲ್ಲಿ ಮೇಲೆ ಇದ್ದಾನೆ” ಎಂದು ತೋರಿಸಿದ್ದಕ್ಕೆ ವಂದನೆಗಳು. ಇದ್ದಾನೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ.

ಆದ್ದರಿಂದ ಅರ್ಜಿದಾರನ ಬೇಡಿಕೆ: ಮುಂದಿನ ಕರಪತ್ರದಲ್ಲಿ ಗೇರುಬೀಜದ ಅಂಗಡಿಯನ್ನು ದಪ್ಪಕ್ಷರದಲ್ಲಿ, ಗಂಟೆ ನಿಮಿಷ ಸಹಿತ ಅಚ್ಚು ಹಾಕಿಸುವುದು, ಅರಮನೆಯನ್ನು ತೋರಿಸುವುದಾದರೆ ತೋರಿಸುವುದು, ಇಲ್ಲವಾದರೆ ಹೆಸರು ತೆಗೆದುಹಾಕುವುದು, ಇಬ್ಬರ ಟಿಕೆಟಿನ ಹಣ ವಾಪಸು ಮಾಡುವುದು. ಇಳಿಯುವಾಗ ಹಣದ ಮಾತೆತ್ತಿದ್ದಕ್ಕೆ ತಮ್ಮವರು ನಗುನಗುತ್ತಾ ಒಂದು ರಿಯಾಯಿತಿ ಕೂಪನ್ ಕೊಟ್ಟರು. ಅದೇ ಅಂಗಡಿಯದ್ದು.

ದೊಡ್ಡಮ್ಮ ಧಾರವಾಡಕ್ಕೆ ಹೋಗುವ ಮೊದಲು ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗುವುದೆಂದು ತೀರ್ಮಾನವಾಗಿದೆ. ಅರಮನೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವ ಜವಾಬ್ದಾರಿ ಅರ್ಜಿದಾರನದ್ದು. ತಮ್ಮ ಕೂಪನ್ನನ್ನು ಈ ಪತ್ರಕ್ಕೆ ಪಿನ್ ಮಾಡಿ ಹಿಂದಿರುಗಿಸಲಾಗಿದೆ.

ಇತಿ,
ಪಾಣೆಮಂಗಳೂರಿನ ಅರ್ಜಿದಾರ