ಬೀದಿಗೆ ತಂದರೆ ಮಾತ್ರ ತಪ್ಪು

ನಮ್ಮ ಚಿತ್ರದುರ್ಗದ ಕಡೆಯವರು ಬಹಳ ಸಂಕೋಚದ ಜನ. ಯಾರಿಗೆ ಯಾರ ಮೇಲೆ ಮನಸ್ಸು ಎಂಬಂಥ ಖಾಸಗಿ ವಿಚಾರವನ್ನು ಬೀದಿಯಲ್ಲಿ ಹೇಳಿಕೊಳ್ಳುವುದು ನಮಗೆ ಆಗಿಬರುವುದಿಲ್ಲ. ಹಾಗಾಗಿ ಹಿರಿಯೂರಿನಲ್ಲಿ ಮಗನಿಗೆ ಹೆಣ್ಣು ಗೊತ್ತಾದರೆ ಅದನ್ನು ಸರ್ಕಲ್ಲಿನಲ್ಲಿ ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿ ಗುಟ್ಟಾಗಿ ತಿಳಿಸುತ್ತೇವೆ. ಫ್ಲೆಕ್ಸಿನಲ್ಲಿ ಹುಡುಗ ಹುಡುಗಿಯ ಸೊಂಟ ಹಿಡಿದು ನಿಂತಿರುತ್ತಾನೆ. ಹಿಂದೆ ವಾಣಿವಿಲಾಸ ಸಾಗರದ ನೀರು. ಕೆಳಗೆ ಶುಭ ಕೋರುವ ಗೆಳೆಯರ ಬಳಗ, ಎಲ್ಲರಿಗೂ ಕೂಲಿಂಗ್ ಗ್ಲಾಸ್. ಹೊಳಲ್ಕೆರೆಯಲ್ಲಿ ಮುಹೂರ್ತದ ಹಿಂದಿನ ರಾತ್ರಿ ರಸ್ತೆ ತಡೆದು, ಡಿಜೆ ಹಚ್ಚಿ, ಮದುಮಗನ ಸೋದರಮಾವನವರೆಗೆ ಎಲ್ಲರೂ ಕುಣಿದು ಈ ಖಾಸಗಿತನವನ್ನು ಕಾಪಾಡುತ್ತಾರೆ.

ಇಂಥ ನಾಚಿಕೆಯ ಜನಕ್ಕೆ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ಪ್ರೈಡ್ ಮೆರವಣಿಗೆಯ ವಿಡಿಯೊ ಮೊಬೈಲಿಗೆ ಬಂತೆಂದರೆ ಹೊಟ್ಟೆ ತೊಳಸುತ್ತದೆ. 2008ರಿಂದ ನಡೆದುಬಂದ ಮೆರವಣಿಗೆ ಅದು. ಮೊದಲ ವರ್ಷ ಕೆಲವರು ಮುಖವಾಡ ಹಾಕಿಕೊಂಡು ನಡೆದಿದ್ದರು. ಮುಖ ಮುಚ್ಚಿಕೊಂಡು ಮೆರೆಯಲು ಹೊರಟ ಮೆರವಣಿಗೆ ಬಹುಶಃ ಅದೊಂದೇ. ಅದೂ ಅತಿಯಾಯಿತು ಎನ್ನುವ ಯಜಮಾನರು ನಮ್ಮೂರಿನ ಪ್ರತಿ ಹೋಟೆಲ್ ಮುಂದೆಯೂ ಕೂತಿದ್ದಾರೆ. ಅವರ ತೀರ್ಪು ಒಂದೇ: "ಮನೇಲಿ ಏನಾರ ಮಾಡ್ಕಳ್ಲಿ, ನಾವೇನ್ ಕೇಳಕ್ ಹೋಗಲ್ಲ. ಬೀದಿಗ್ ಯಾಕಪ್ಪಾ ತರ್ಬೇಕು?"

ಎಂಥ ಉದಾರ ಮನಸ್ಸು! ಆದರೆ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೇ ಕಲಂ ಬೀದಿಯ ಗೊಡವೆಗೇ ಹೋಗಿರಲಿಲ್ಲ. ಅದು ಇಣುಕುತ್ತಿದ್ದುದು ಮಲಗುವ ಕೋಣೆಗೆ, ಶಿಕ್ಷೆ ಜೀವಾವಧಿಯವರೆಗೆ. 2009ರಲ್ಲಿ ದೆಹಲಿ ಹೈಕೋರ್ಟ್ ಚಿಲಕ ತೆಗೆಯಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹಾಕಿತು, 2018ರ ಸೆಪ್ಟೆಂಬರ್ 6ರಂದು ತಾನೇ ತೆಗೆಯಿತು. ಈ ಒಂಬತ್ತು ವರ್ಷದಲ್ಲಿ ಯಜಮಾನರು ಒಂದು ದಿನವಾದರೂ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ "ಸ್ವಾಮೀ, ಮನೇಲಿ ಏನಾರ ಮಾಡ್ಕಳ್ಲಿ ಬಿಡ್ರಿ" ಎಂದು ಮನವಿ ಕೊಟ್ಟದ್ದನ್ನು ಕಂಡವರಿಲ್ಲ. ಇನ್ನು ಮನೆಯಲ್ಲಿ ಮಾಡಿಕೊಳ್ಳಬೇಕೆಂದರೆ ಮೊದಲು ಮನೆ ಸಿಗಬೇಕು. ಯಜಮಾನರದ್ದೇ ಮೂರು ಬಾಡಿಗೆ ಮನೆಗಳಿವೆ, ಮೂರರ ಬಾಗಿಲಲ್ಲೂ ಬೋರ್ಡು: "ಫ್ಯಾಮಿಲಿಯವರಿಗೆ ಮಾತ್ರ."

ಯಜಮಾನರ ಎರಡನೇ ತೀರ್ಪು, ಇದು ನಮ್ಮ ಸಂಸ್ಕೃತಿ ಅಲ್ಲ. ಮಠಗಳ ಜಿಲ್ಲೆ ನಮ್ಮದು. ಮದುವೆ ಪತ್ರಿಕೆಗೂ ಸಹಕಾರ ಸಂಘದ ಕ್ಯಾಲೆಂಡರಿಗೂ ಒಂದೊಂದು ವಚನ ಬೇಕೇ ಬೇಕು. ಮೈಯ ಗುರುತು ನೋಡಿ ಗಂಡು ಹೆಣ್ಣು ಎನ್ನುವುದು ಲೋಕದ ಲೆಕ್ಕ, ಆತ್ಮಕ್ಕೆ ಆ ಲೆಕ್ಕ ಅಂಟದು ಎಂದ ಜೇಡರ ದಾಸಿಮಯ್ಯನ ವಚನ ಮಾತ್ರ ಇಂದಿನವರೆಗೆ ಯಾವ ಫ್ಲೆಕ್ಸಿಗೂ ಏರಿದ್ದು ಕಾಣೆ. ಶರಣಸತಿ ಲಿಂಗಪತಿ ಎಂದು ಗಡ್ಡಮೀಸೆಯ ಶರಣರು ತಮ್ಮನ್ನು ಹೆಂಡತಿಯಾಗಿ ಕಂಡುಕೊಂಡರಲ್ಲಾ ಎಂದರೆ, "ಅದು ಭಕ್ತಿ ಕಣಪ್ಪಾ." ಸಾಣೇಹಳ್ಳಿಯ ನಾಟಕಗಳಿಗೆ ಹೆಸರಾದ ಹೊಸದುರ್ಗ ತಾಲ್ಲೂಕಿನಲ್ಲೇ ಅಜ್ಜಂದಿರ ಕಾಲದಿಂದ ಗಂಡಸರು ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು ಬಯಲಾಟದಲ್ಲಿ ದ್ರೌಪದಿಯಾಗುತ್ತಿದ್ದರು, ನೀವೇ ಐದು ರೂಪಾಯಿ ಆಯೇರಿ ಕೊಟ್ಟಿದ್ದಿರಿ ಎಂದರೆ, "ಅದು ಕಲೆ." ಅಂಗಡಿ ಓಪನಿಂಗ್ ದಿನ ಮಂಗಳಮುಖಿಯರನ್ನು ಕರೆಸಿ ತಲೆ ಮೇಲೆ ಕೈ ಇಡಿಸಿಕೊಂಡಿರಿ? "ಅದು ಶಕುನ." ಗಂಡುಮೆಟ್ಟಿದ ನಾಡು ಎಂದು ಭಾಷಣ ಹೊಡೆಯುತ್ತೀರಿ, ಗಂಡ ಊಟಕ್ಕೆ ಕೂತಾಗ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳು ಓಬವ್ವ ಅಲ್ಲವೇ? "ಅದು ಇತಿಹಾಸ." ಹೀಗೆ ಯಜಮಾನರ ಬಳಿ ಎಲ್ಲಕ್ಕೂ ಒಂದೊಂದು ಡಬ್ಬಿ ಇದೆ. ಜೀವಂತ ಮನುಷ್ಯ ಎದುರು ಬಂದು "ನಾನು ಹೀಗೇ" ಎಂದಾಗ ಹಾಕಿಡಲು ಮಾತ್ರ ಡಬ್ಬಿ ಸಿಗುವುದಿಲ್ಲ.

ಯಜಮಾನರೊಬ್ಬರನ್ನೇ ಏಕೆ ಬಯ್ಯಬೇಕು? ನಮ್ಮ ಸರ್ಕಾರ 2010ರಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟು ಶಾಲು ಹೊದಿಸಿತು. ಮರುವರ್ಷವೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಅನುಮಾನ ಬಂದ 'ನಪುಂಸಕ'ರ ಹೆಸರು ವಿಳಾಸಗಳನ್ನು ರಿಜಿಸ್ಟರಿನಲ್ಲಿ ಬರೆದಿಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿತು. ಇಂಥದೇ ರಿಜಿಸ್ಟರನ್ನು ಬ್ರಿಟಿಷರು 1871ರಲ್ಲಿ ತೆರೆದಿದ್ದರು. ನಾವು ಸ್ವತಂತ್ರ ದೇಶದವರು, ನೂರನಲವತ್ತು ವರ್ಷ ಬಿಟ್ಟು ಸ್ವಂತ ಖರ್ಚಿನಲ್ಲಿ ತೆರೆದೆವು. ಆಕ್ಷೇಪ ಎದ್ದ ಮೇಲೆ 2016ರಲ್ಲಿ ಆ ಪದ ತೆಗೆದು 'ವ್ಯಕ್ತಿ' ಎಂದು ತಿದ್ದಿದರು. ಅನುಮಾನ ಅದೇ, ಕರೆಯುವ ರೀತಿ ಮಾತ್ರ ಮರ್ಯಾದೆಯದು. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿ ಬಂತು, ದೇಶಕ್ಕೇ ಮೊದಲು ಎಂದು ಬೆನ್ನು ತಟ್ಟಿಕೊಂಡೆವು. ಅದೇ ವರ್ಷ ಮಂಜಮ್ಮ ದೆಹಲಿಯಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ಯಜಮಾನರೂ ಆ ವಿಡಿಯೊ ನೋಡಿ ಕಣ್ಣೊರೆಸಿಕೊಂಡು ಹತ್ತು ಗ್ರೂಪಿಗೆ ಕಳಿಸಿದರು. ಅದು ಯಾವ ಡಬ್ಬಿಯೋ, ಕೇಳಲು ಧೈರ್ಯ ಬರಲಿಲ್ಲ.

ಪ್ರದರ್ಶನ ಕಂಡರೆ ಆಗದು ಎನ್ನುವವರು ಒಮ್ಮೆ ದುರ್ಗದ ಕೋಟೆ ಹತ್ತಬೇಕು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಶಾಸನ ಒಂದೇ ಒಂದು. ಕೋಟೆಯಲ್ಲಿ ನಮ್ಮ ಹುಡುಗರು ಮೊಳೆಯಿಂದ ಕೆತ್ತಿದ ಶಾಸನಗಳಿಗೆ ಲೆಕ್ಕವಿಲ್ಲ: ಒಂದು ಗಂಡು ಹೆಸರು, ಒಂದು ಹೆಣ್ಣು ಹೆಸರು, ನಡುವೆ ಬಾಣ ನೆಟ್ಟ ಹೃದಯ. ಹೈದರಾಲಿಯ ತೋಪಿಗೆ ಜಗ್ಗದ ಕಲ್ಲು ಈ ಮೊಳೆಗೆ ಸೋತಿದೆ. ಇದನ್ನು ಯಾರೂ ಪ್ರೈಡ್ ಎನ್ನುವುದಿಲ್ಲ, ವಯಸ್ಸಿನ ಹುಡುಗಾಟ ಎನ್ನುತ್ತಾರೆ. ಬಟ್ಟೆಯ ಬಾವುಟ ಹಿಡಿದು ನಡೆದು, ಸಂಜೆಗೆ ಅದನ್ನು ಮಡಚಿಟ್ಟುಕೊಂಡು ಹೋಗುವವರು ಮಾತ್ರ ಊರು ಹಾಳು ಮಾಡುವವರು.

ಇವರಿಗೆ ಇನ್ನೆಲ್ಲಿದೆ ಮೆರವಣಿಗೆ? 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಯಾಗುವುದಕ್ಕೆ ಮಾನ್ಯತೆ ಕೊಡುವುದು ನಮ್ಮ ಕೆಲಸವಲ್ಲ, ಸಂಸತ್ತಿನ ಕೆಲಸ ಎಂದರು. ಅಲ್ಲಿಗೆ ಚತ್ರದ ಅಡ್ವಾನ್ಸು, ಬ್ಯಾಂಡು, ಆರತಕ್ಷತೆಯ ಗಿಫ್ಟು ಎಲ್ಲ ಉಳಿತಾಯ. ಉಳಿದದ್ದು ವರ್ಷದಲ್ಲೊಂದು ದಿನದ ನಡಿಗೆ, ಅದೂ ಇನ್ನೂರು ಕಿಲೋಮೀಟರ್ ಆಚೆ. ಅಲ್ಲಿಗೆ ಹೋದ ನಮ್ಮೂರ ಹುಡುಗ ವಾಪಸು ಬರುವಾಗ ಬಸ್ಸು ಶಿರಾ ದಾಟುವಷ್ಟರಲ್ಲಿ ಕಿವಿಯೋಲೆ ಬಿಚ್ಚಿ ಜೇಬಿಗಿಳಿಸಿ, ಯಜಮಾನರ ಸಂಸ್ಕೃತಿಯನ್ನು ಉಳಿಸಿಕೊಟ್ಟೇ ಊರಿಗೆ ಇಳಿಯುತ್ತಾನೆ.

ನನ್ನದೊಂದು ಸಲಹೆ. ಯಜಮಾನರ ಮಾತನ್ನೇ ಕಾನೂನು ಮಾಡೋಣ. ಪ್ರೀತಿ, ಪ್ರಸ್ತ, ಸಂಸಾರ ಎಲ್ಲ ಖಾಸಗಿ. ಬೀದಿಗೆ ತರುವಂತಿಲ್ಲ, ಯಾರೂ. ಮದುವೆ ಫ್ಲೆಕ್ಸ್ ಬಂದ್. ದಿಬ್ಬಣ ಬಂದ್. ವಾಣಿವಿಲಾಸ ಸಾಗರದ ದಂಡೆಯಲ್ಲಿ ಸೊಂಟ ಹಿಡಿದರೆ ದಂಡ. ಲಗ್ನಪತ್ರಿಕೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟು, ಓದಿದ ಮೇಲೆ ಸುಟ್ಟುಬಿಡುವುದು. ಒಂದು ವೈಶಾಖ ಇದು ಜಾರಿಯಾಗಲಿ ಸಾಕು. ಅಕ್ಷಯ ತೃತೀಯಕ್ಕೆ ಮೊದಲೇ ಒನಕೆ ಓಬವ್ವ ವೃತ್ತದಿಂದ ಜಿಲ್ಲಾಧಿಕಾರಿ ಕಚೇರಿಗೆ ಭಾರೀ ಮೆರವಣಿಗೆ ಹೊರಡುತ್ತದೆ. ಮುಂದಿನ ಸಾಲಿನಲ್ಲಿ ಯಜಮಾನರೇ ಇರುತ್ತಾರೆ, ಕೈಯಲ್ಲಿ ಬಾವುಟ, ಮುಖದಲ್ಲಿ ರೋಷ. ಏನು ಕೂಗಬೇಕೆಂದು ತೋಚದಿದ್ದರೆ ಚಿಂತೆ ಬೇಡ. ಬೆಂಗಳೂರಿನವರ ಬಳಿ 2008ರಿಂದ ಕೂಗಿ ಪಳಗಿದ ಘೋಷಣೆಗಳಿವೆ. ಕೇಳಿದರೆ ಸಾಲ ಕೊಟ್ಟಾರು, ಬಡ್ಡಿಯೂ ಇಲ್ಲದೆ.