ಸರ್ವರ್-ಮಾಂದ್ಯ ಮೀಮಾಂಸೆ

ವಿಸ್ತೃತಕ್ಷೇತ್ರೀಯ ಜಾಲಸಂವಹನದಲ್ಲಿನ ಪ್ರತಿಸ್ಪಂದನ-ಮಂದಗತಿಯು ಒಂದು ಬಹುಆಯಾಮೀ ವಿದ್ಯಮಾನವಾಗಿದ್ದು, ಅದನ್ನು ಸಮಗ್ರ ನೆಲೆಗಟ್ಟಿನಲ್ಲಿ ಪರಾಮರ್ಶೆಗೆ ಒಳಪಡಿಸಬೇಕಾದ ಅನಿವಾರ್ಯತೆ ಇದೆ. ಅಂದರೆ, ಕೌಂಟರಿನ ಕಂಪ್ಯೂಟರಿನಲ್ಲಿ ಚಕ್ರ ತಿರುಗುತ್ತಿದೆ. ಈ ಎರಡನೆಯ ವಾಕ್ಯವನ್ನು ಯಾವ ತಾಂತ್ರಿಕ ವರದಿಯೂ ಬರೆಯುವುದಿಲ್ಲ. ಬರೆದರೆ ಸಲಹೆಗಾರರ ಬಿಲ್ಲು ಪಾಸಾಗುವುದಿಲ್ಲ.

ಮಾಂದ್ಯವು ಷಡ್ವಿಧ: ಪಥಜನ್ಯ, ಸರದಿಜನ್ಯ, ಸಂಭಾಷಣಾಜನ್ಯ, ಸಾಧನಜನ್ಯ, ಸಿಬ್ಬಂದಿಜನ್ಯ, ಟೆಂಡರ್‌ಜನ್ಯ. ಒಂದೊಂದಕ್ಕೂ ಮೂರು ಉಪಭೇದ. ಪ್ರತಿ ಉಪಭೇದವೂ ಸಾಧ್ಯ, ಕಷ್ಟಸಾಧ್ಯ, ಅಸಾಧ್ಯ ಎಂದು ಮತ್ತೆ ತ್ರಿವಿಧ. ಒಟ್ಟು 54. ಇಷ್ಟೂ ಇಲ್ಲದಿದ್ದರೆ ಅದು ಶಾಸ್ತ್ರ ಹೇಗಾದೀತು?

ಪಥಜನ್ಯ ಮಾಂದ್ಯಕ್ಕೆ ಕಾರಣ ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೀದರ್‌ನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 700 ಕಿ.ಮೀ. ಹೋಗಿಬರಲು 7 ಮಿಲಿಸೆಕೆಂಡು ಸಾಕು. ಸುತ್ತುಬಳಸು ಸೇರಿಸಿ ಇಪ್ಪತ್ತು ಅನ್ನಿ. ಕೇಬಲ್ ಇಲ್ಲದ ಊರಿಗೆ ವಿಸ್ಯಾಟ್ ಎಂಬ ಉಪಗ್ರಹ ಛತ್ರಿ ಹಾಕಿದರೆ ಮಾತ್ರ ಲೆಕ್ಕ ಬೇರೆ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಪ್ರಶ್ನೆ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಅರ್ಧ ಸೆಕೆಂಡು ಅಲ್ಲಿಗೇ ಖರ್ಚು. ಇದನ್ನು ಯಾವ ಉನ್ನತ ಮಟ್ಟದ ಸಭೆಯ ನಿರ್ಣಯವೂ ಕಡಿಮೆ ಮಾಡಲಾರದು.

ಸರದಿಜನ್ಯಕ್ಕೆ ದೂರ ಬೇಕಿಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು ಬರೀ 400 ಗಜ. ಆ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್‌ಸನ್ ಎಂಬಾತ ಅದೇಕೆಂದು ಕೂತು ನೋಡಿದ. ದಾರಿ ಕಟ್ಟಿಕೊಂಡಾಗ ಎಲ್ಲರೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ಇನ್ನಷ್ಟು ಕಟ್ಟಿಸುತ್ತಿದ್ದರು. ಕಳಿಸುವವನೇ ಕೈ ಬಿಗಿಹಿಡಿಯಬೇಕೆಂಬ ನೇಮ ಇಂಟರ್ನೆಟ್ಟಿನ ಸಾಗಣೆಯ ಕಟ್ಟಳೆಯಾದ ಟಿಸಿಪಿಗೆ ಸೇರಿದ್ದು ಹೀಗೆ. ಆತ ಕಾರಣ ಹುಡುಕಿದ್ದು ಅಳತೆ ಮಾಡಿ, ಶಿಫಾರಸು ಮಾಡಿ ಅಲ್ಲ.

ಸಂಭಾಷಣಾಜನ್ಯವೇ ಎಲ್ಲಕ್ಕಿಂತ ರಸವತ್ತಾದದ್ದು. ತಂತ್ರಾಂಶ ಬರೆದವರ ಮಗ್ಗುಲಲ್ಲೇ ಸರ್ವರ್ ಇರುತ್ತದೆ. ಒಂದು ಪ್ರಶ್ನೆಗೆ ಒಂದು ಮಿಲಿಸೆಕೆಂಡೂ ಬೇಡ. ಒಂದು ಅರ್ಜಿ ತೆರೆಯಲು ಒಂದಾದ ಮೇಲೊಂದು 400 ಪ್ರಶ್ನೆ ಕೇಳಿದರೂ ಅವರಿಗೆ ತಿಳಿಯುವುದಿಲ್ಲ. ಅದೇ ಅರ್ಜಿ ವಿಸ್ಯಾಟ್ ಛತ್ರಿಯ ಕೆಳಗೆ ತೆರೆದಾಗ 400 ಅರ್ಧ ಸೆಕೆಂಡುಗಳು, ಅಂದರೆ ಮೂರು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡು. ‘ಬ್ಯಾಂಡ್‌ವಿಡ್ತ್ 2 ಎಂಬಿಪಿಎಸ್‌ನಿಂದ 8ಕ್ಕೆ ಏರಿಸತಕ್ಕದ್ದು’ ಎಂಬುದು ಪೂರ್ವಪಕ್ಷ. ಏರಿಸಿದ ಮೇಲೂ ಮೂರು ನಿಮಿಷ ಇಪ್ಪತ್ತು ಸೆಕೆಂಡು ಎಂಬುದು ಸಿದ್ಧಾಂತ. ಸಂತೆಗೆ ನಾನೂರು ಸಲ ಹೋಗಿ ಒಂದೊಂದೇ ಮೆಣಸಿನಕಾಯಿ ತರುವವನಿಗೆ ರಸ್ತೆ ಅಗಲ ಮಾಡಿಕೊಟ್ಟಂತೆ.

ಉಳಿದ ಮೂರು ವಿಧಗಳನ್ನೂ ಅವುಗಳ ಉಪಭೇದಗಳನ್ನೂ ಓದುಗರೇ ಊಹಿಸಿಕೊಳ್ಳಲಿ. ನನಗೆ ಸಾಕಾಗಿದೆ.

ರೋಗ ಯಾವ ವಿಧದ್ದೆಂದು ತಿಳಿಯಲು ಮದ್ದು ಮೊದಲೇ ಇದೆ. ಪ್ರಶ್ನೆ ಹೋಗಿಬರುವ ಹೊತ್ತು ಅಳೆಯುವ ಪಿಂಗ್ ಎಂಬ ಪುಟ್ಟ ಉಪಕರಣವನ್ನು ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಒಂದೇ ಸಂಜೆ ಕೂತು ಬರೆದ. ಅದಕ್ಕೆ ಟೆಂಡರ್ ಬೇಡ, ಕಾಸು ಬೇಡ; ಎಲ್ಲ ಕಂಪ್ಯೂಟರಿನಲ್ಲೂ ಇದೆ. ಬೆಳಿಗ್ಗೆ ಒಮ್ಮೆ, ಜನ ತುಂಬಿದಾಗ ಒಮ್ಮೆ ಹೊಡೆದು ನೋಡಿದರೆ ರೋಗ ದಾರಿಯದೋ ಸರದಿಯದೋ ತಿಳಿಯುತ್ತದೆ. ಎರಡು ಹೊತ್ತೂ ಒಂದೇ ಸಮ ಚೆನ್ನಾಗಿದ್ದು ಅರ್ಜಿ ಮಾತ್ರ ತೆವಳಿದರೆ, ತಂತ್ರಾಂಶದ ಕಡೆಗೋ ಸರ್ವರ್ ಕಡೆಗೋ ತಿರುಗಬೇಕು. ಆದರೆ ತಪಾಸಣೆ ನಡೆಯುವುದು ಸರ್ವರ್ ಪಕ್ಕದ ಎಸಿ ಕೋಣೆಯಲ್ಲಿ. ಅಲ್ಲಿ ಎಲ್ಲವೂ ಚುರುಕು. ‘ನಮ್ಮ ಕಡೆ ಸರಿಯಿದೆ’ ಎಂದು ದೂರಿನ ಟಿಕೆಟ್ ಮುಚ್ಚುತ್ತಾರೆ. ಯಾರ ಕಡೆ ಸ್ವಾಮಿ ಸರಿಯಿರುವುದು?

ಹೆಸರು ಬೇಡದ ಒಂದು ಕಚೇರಿಯಲ್ಲಿ ಪಿಂಚಣಿಯ ಕೆಲಸಕ್ಕೆ ಬಂದ ಮುದುಕಿಯೊಬ್ಬಳು ಗೋಡೆಗೆ ಆತು ಕೂತಿದ್ದಳು. ‘ಸರ್ವರ್ ಇಲ್ಲ ಬೇ, ನಾಳಿ ಬಾ’ ಅಂದರು ಒಳಗಿನವರು. ಆಕೆ ಪಕ್ಕದವಳಿಗೆ ಹೇಳಿದಳು: ‘ಬಾಗ್ಲಾ ತೆಗ್ದಾಗ ಇರ್ತದವ್ವ. ಹನ್ನೊಂದಕ್ಕ ಹೋಗ್ತದ. ಮಂದಿ ಕರಗಿದ ಮ್ಯಾಲ ತಾನ ಬರ್ತದ.’

ಇದು ಸರದಿಜನ್ಯದ ಅಚ್ಚುಕಟ್ಟಾದ ರೋಗಲಕ್ಷಣ, ಹೊತ್ತಿನ ಸಮೇತ. ನಾನು ಓದಬೇಕಾಗಿ ಬಂದ ಯಾವ ವರದಿಯಲ್ಲೂ ಈ ಮೂರು ವಾಕ್ಯದಷ್ಟು ಮಾಹಿತಿ ಇರಲಿಲ್ಲ. ಹೊತ್ತು ಗೊತ್ತಿದ್ದೂ ಆಕೆ ಆ ಹೊತ್ತಿಗೆ ಬರಲಾಗದು. ಹಳ್ಳಿಯ ಮೊದಲ ಬಸ್ಸು ಊರು ತಲುಪುವಷ್ಟರಲ್ಲಿ ಸಾಲು ಬೆಳೆದಿರುತ್ತದೆ. 2023ರಿಂದ ಹೆಂಗಸರಿಗೆ ಬಸ್ಸೇನೋ ಪುಕ್ಕಟೆ, ಕಳೆದುಹೋದ ಕೂಲಿ ಪುಕ್ಕಟೆಯಲ್ಲ. ಕೌಂಟರಿನ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನು ಬೈಗುಳ ತಿಂದುಕೊಂಡು ಮತ್ತೊಮ್ಮೆ ಬಟನ್ ಒತ್ತುತ್ತಾನೆ, ನಾನೂರು ಪ್ರಶ್ನೆಗಳು ಮತ್ತೆ ಮೊದಲಿನಿಂದ ಹೊರಡುತ್ತವೆ. ಆ ತಂತ್ರಾಂಶ ಬರೆದವರನ್ನು, ಒಪ್ಪಿ ರುಜು ಹಾಕಿದವರನ್ನು, ಹನ್ನೊಂದು ಗಂಟೆಗೆ ಆ ಕುರ್ಚಿಯಲ್ಲಿ ಕೂರಿಸಿ. ಕಿಟಕಿಯ ಈಚೆ ನಾವೇ ನಿಲ್ಲುತ್ತೇವೆ.